ಕೆರೆಗೆ ಕುಬಸ ಮಾಡಿದ ವರ್ಷ

ದೆವ್ವ ಕಂಡೆ, ದೇವರು ಮೈಮೇಲೆ ಬಂತು ಎನ್ನುವವರ ಮಾತನ್ನು ನಾನು ಅರ್ಧಕ್ಕೇ ತಡೆದು, "ಅವತ್ತು ಏನು ಉಂಡಿದ್ದಿರಿ?" ಎಂದು ಕೇಳುತ್ತಿದ್ದೆ. ಕೆಟ್ಟ ಚಟ. ಪೂಜಾರಿಯ ಮಗನ ಬಾಯಲ್ಲಿ ಇಂಥ ಮಾತೇ ಎಂದು ಊರಿನವರು ಬೈಯುತ್ತಿದ್ದರು. ಮಿಠಾಯಿ ಅಂಗಡಿಯವನ ಮಗನಿಗೆ ಪೇಡೆಯ ಮೇಲೆ ಆಸೆ ಇರುವುದಿಲ್ಲ ನೋಡಿ, ನನ್ನದೂ ಅದೇ ಕಥೆ. ಇಷ್ಟು ಹೇಳಿಕೊಂಡವನು, ಒಂದು ಮಧ್ಯಾಹ್ನ ನನ್ನ ಕಣ್ಣೆದುರಿಗೇ ನಡೆದದ್ದನ್ನು ಬರೆಯಲು ನಾಚಿಕೊಳ್ಳಬೇಕು. ನಾಚಿಕೊಂಡೇ ಬರೆಯುತ್ತಿದ್ದೇನೆ. ಆ ದಿನ ನಾನು ಉಂಡದ್ದು ಜೋಳದ ರೊಟ್ಟಿ, ಪುಂಡಿಪಲ್ಯ. ನೀವು ಕೇಳುವ ಮೊದಲೇ ಹೇಳಿಬಿಟ್ಟೆ.

ನಮ್ಮೂರು ಹರ್ತಿಗೂ ಮುಳಗುಂದಕ್ಕೂ ನಡುವಿನ ಸಣ್ಣ ಹಳ್ಳಿ. ಬಾವಿ ತೋಡಿದಲ್ಲೆಲ್ಲ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ಕುಡಿಯಲು ಇದ್ದದ್ದು ಒಂದೇ ಕೆರೆ. ಊರಿನವರು ಅದನ್ನು ಕೆರೆ ಎನ್ನದೆ ಗಂಗವ್ವ ಎನ್ನುತ್ತಿದ್ದರು. ದಂಡೆಯ ಮೇಲಿನ ಅವಳ ಗುಡಿಗೆ ನಮ್ಮಪ್ಪ ಪೂಜಾರಿ. ನಾನು ಊರ ಶಾಲೆಯ ಮಾಸ್ತರ.

ಏಕೀಕರಣವಾದ ವರ್ಷ. ಮುಂಬಯಿ ಪ್ರಾಂತದಲ್ಲಿ ಮಲಗಿದ ನಾವು ಮೈಸೂರು ರಾಜ್ಯದಲ್ಲಿ ಎದ್ದೆವು. ಅದೇ ಹೊತ್ತಿಗೆ ಕೆರೆ ಕೋಡಿ ಹರಿಯುವಷ್ಟು ತುಂಬಿತ್ತು. ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಯಸಿದ್ದನ್ನೆಲ್ಲ ಉಣಿಸುತ್ತಾರೆ. ತುಂಬಿದ ಕೆರೆಯೂ ಬಸುರಿಯೇ ಎಂದು ಗಂಗವ್ವನಿಗೂ ಕುಬಸ ಮಾಡುವ ರೂಢಿ ನಮ್ಮೂರಿನದು. ಉಳಿದ ವರ್ಷಗಳಲ್ಲಿ ಊರ ಪರವಾಗಿ ಒಂದು ಬುಟ್ಟಿ ಅಡುಗೆ ನೀರಿಗೆ ಬಿಟ್ಟರೆ ಮುಗಿಯುತ್ತಿತ್ತು. ಆ ವರ್ಷ ನಾಡು ಒಂದಾದ ಖುಷಿಗೆ ಪ್ರತಿ ಮನೆಯಿಂದಲೂ ಬುಟ್ಟಿ ಬರಬೇಕೆಂದಾಯಿತು. ನಾಡು ಒಂದಾಗಿತ್ತೇ ಹೊರತು ನಮ್ಮೂರ ಮೇಲಿನ ಓಣಿಯೂ ಕೆಳಗಿನ ಓಣಿಯೂ ಇನ್ನೂ ಒಂದಾಗಿರಲಿಲ್ಲ. ಕೆಳಗಿನವರು ಹೋಳಿಗೆ ತಂದರೆ ಮೇಲಿನವರು ಅದರ ಎರಡರಷ್ಟು ಕಡಬು ತಂದರು. ಹಾಲು, ಮೊಸರು, ತುಪ್ಪ, ಮಾದಲಿ, ಎಲ್ಲವೂ ಕೊಡಗಟ್ಟಲೆ ನೀರಿಗೆ ಬಿತ್ತು.

ಈ ಅಡುಗೆಗೆ ಒಂದು ಕಟ್ಟುನಿಟ್ಟು ಉಂಟು. ಯಾರೂ ರುಚಿ ನೋಡುವಂತಿಲ್ಲ. ಒಲೆಯ ಮುಂದೆ ಕೂತವಳು ಬೆರಳು ಕೂಡ ನೆಕ್ಕುವಂತಿಲ್ಲ. ಬುಟ್ಟಿಯ ಬಾಯಿಗೆ ಬಟ್ಟೆ ಕಟ್ಟಿದರೆ ಬಿಚ್ಚುವುದು ನೀರಿನ ಮೇಲೆಯೇ.

ಕೆಲವು ದಿನಗಳಲ್ಲಿ ದಂಡೆಯಂಚಿಗೆ ಹಸಿರು ಪಾಚಿ ಕಂಡಿತು. ಗಂಗವ್ವ ಹಸಿರು ಸೀರೆ ಉಟ್ಟಳೆಂದು ಹೆಂಗಸರು ಕೈಮುಗಿದರು. ಆಮೇಲೆ ಅದು ಕೆರೆಯೆಲ್ಲ ಹರಡಿ, ಗಂಜಿಯ ಹಾಗೆ ಗಟ್ಟಿಯಾಗಿ, ನಾರತೊಡಗಿತು. ಮೀನುಗಳು ಸತ್ತು ತೇಲಿದವು. ಕೈ ಅದ್ದಿದರೆ ತುರಿಕೆ. ಎಮ್ಮೆಗಳು ಮೂಸಿ ನೋಡಿ ತಿರುಗಿ ಬಂದವು, ನಮ್ಮೂರ ಎಮ್ಮೆಗಳೋ ಯಾವುದಕ್ಕೂ ಹೇಸಿದವಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಇಡೀ ಊರು ಸವಳು ನೀರು ಕುಡಿಯಬೇಕಾಯಿತು.

ಈಗ ನಗುತ್ತ ಹೇಳುತ್ತಿದ್ದೇನೆ, ಆಗ ನಗು ಬಂದಿರಲಿಲ್ಲ. ನನ್ನ ತಂಗಿ ಶಾಂತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸವಳು ನೀರು ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕುಡಿದದ್ದೆಲ್ಲ ವಾಂತಿ. "ಸಿಹಿನೀರು ಸಿಗಲಿಲ್ಲಂದ್ರ ಹೆರಿಗಿ ಹೊತ್ತಿಗೆ ಈ ಹುಡುಗಿ ಮೈಯಾಗ ಕಸುವು ಉಳಿಯೂದಿಲ್ರಿ" ಎಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ಹರ್ತಿಯಿಂದ ಚಕ್ಕಡಿಯಲ್ಲಿ ತಂದ ನೀರು ಓಣಿಯಲ್ಲಿ ಹಂಚಿಹೋಗುತ್ತಿತ್ತು. ಗೋಡೆಗೊರಗಿ ಕೂತ ಶಾಂತಾ ನನ್ನನ್ನು ನೋಡಿ ನಗಲು ಹೋದರೆ ನನಗೆ ಅಳು ಬರುತ್ತಿತ್ತು.

ಮೇಲಿನ ಓಣಿಯ ಗೌಡರು ರೋಗ ಕಂಡುಹಿಡಿದರು. ಉಡಿ ಸಾಲದೆ ಗಂಗವ್ವ ಮುನಿಸಿಕೊಂಡಿದ್ದಾಳೆ, ಇನ್ನೊಮ್ಮೆ ಕುಬಸ ಮಾಡಬೇಕು, ಈ ಸಲ ಎರಡರಷ್ಟು. ಅದನ್ನು ಗೊತ್ತುಮಾಡಲು ಒಂದು ಮಧ್ಯಾಹ್ನ ಊರೆಲ್ಲ ಗುಡಿಯ ಮುಂದೆ ಸೇರಿತು. ಅಪ್ಪ, ಅವ್ವ ಇಬ್ಬರೂ ಹೋದರು. ಶಾಂತಾಳ ಹತ್ತಿರ ನಾನು ಉಳಿದೆ.

ನಾವಿಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆವು. "ಒಂದು ಚಿಟಿಕಿ ಅಜವಾನ ಕೊಡ್ರೆವ್ವಾ" ಎಂಬ ದನಿ ಕೇಳಿ ತಿರುಗಿದರೆ, ಪಕ್ಕದಲ್ಲೇ ಒಬ್ಬ ಹೆಂಗಸು ಹೊಟ್ಟೆ ಹಿಡಿದು ನಿಂತಿದ್ದಳು. ಕೂದಲು ಪೂರ್ತಿ ನರೆತಿತ್ತು, ಹೊಟ್ಟೆ ಮಾತ್ರ ತುಂಬು ಬಸುರಿಯದು. ಹಸಿರು ಇಳಕಲ್ ಸೀರೆಯ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಉಸ್ಸೆಂದು ಕೂತು ಒಮ್ಮೆ ತೇಗಿದಳು. ಅಂಥ ತೇಗನ್ನು ನಾನು ಮದುವೆ ಮನೆಗಳಲ್ಲೂ ಕೇಳಿಲ್ಲ. ಯಾವ ಊರು ಎಂದು ಕೇಳಿದೆ. "ಇದ ಊರು, ತಮ್ಮಾ" ಎಂದಳು. ಊರಿನ ಪ್ರತಿ ಮುಖವೂ ನನಗೆ ಗೊತ್ತು. ಈ ಮುಖ ಗೊತ್ತಿರಲಿಲ್ಲ.

ಶಾಂತಾ ಅಜವಾನ ತಂದುಕೊಟ್ಟು, "ಹೊಟ್ಟಿಗೆ ಏನಾತ್ರಿ?" ಎಂದಳು.

"ಏನ ಹೇಳ್ಲೆವ್ವಾ. ಊರೆಲ್ಲಾ ಕೂಡಿ ಉಣಿಸ್ಯಾರ. ಸಾಕಂದ್ರ ಕೇಳಂಗಿಲ್ಲ. ಗೌಡರ ಮನಿ ಕಡಬು ಹುಳಿ ಬಂದಿದ್ವು. ನಿಮ್ಮನಿ ಹೋಳಿಗ್ಯಾಗ ಬೆಲ್ಲ ಕಮ್ಮಿ. ಇರ್ಲಿ ಬಿಡು, ಅದೊಂದ ನನ್ನ ಜೀವಕ್ಕ ಹಗುರಾತು."

ಶಾಂತಾ ಪಾಪ, ಮನೆಗೆ ಬಂದವರಿಗೆ ಕೇಳುವ ಹಾಗೆ ನೀರು ಬೇಕೇ ಎಂದು ಕೇಳಿದಳು. "ನೀರೊಂದು ಬ್ಯಾಡ" ಎಂದು ಆ ಹೆಂಗಸು ಹೊಟ್ಟೆ ಕುಲುಕುವಂತೆ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮತ್ತ ಊಟ ಇಡತಾರಂತ. ಒಲ್ಲೆ ಅಂತ ಹೇಳು, ತಮ್ಮಾ. ನಾಕ ದಿನ ನನ್ನ ಉಪಾಸ ಕೆಡವ್ರಿ, ಎಲ್ಲಾ ಸರಿ ಹೋಕ್ಕೈತಿ. ಊರ ತಿಪ್ಪಿ ಸುದ್ದಾ ನನ್ನ ಬಾಯಾಗ ಬಸೀತಾವ, ಅದನ್ನೂ ನೋಡ್ರಿ."

ಏನು ಮಾಡಬೇಕೆಂದು ತಿಳಿಯದೆ, ಇನ್ನಷ್ಟು ಅಜವಾನ ತರುತ್ತೇನೆಂದು ಒಳಗೆ ಹೋದೆ. ಬಂದು ನೋಡಿದರೆ ಶಾಂತಾ ಒಬ್ಬಳೇ ಬಾಯಿ ತೆರೆದು ಕೂತಿದ್ದಳು. ಕಟ್ಟೆ ಒದ್ದೆಯಾಗಿತ್ತು. ಹಿತ್ತಲ ಗೋಡೆಯ ಹೊರಬಾಗಿಲು, ನಾನೇ ಬೆಳಿಗ್ಗೆ ಹಾಕಿದ್ದ ಅಗುಳಿಯ ಸಮೇತ, ಹಾಗೇ ಇತ್ತು.

ನೆರೆಮನೆಯ ಮುದುಕಿಯನ್ನು ಶಾಂತಾಳ ಹತ್ತಿರ ಕೂರಿಸಿ ಗುಡಿಗೆ ಓಡಿದೆ. ಕಂಡದ್ದನ್ನು ಹೇಳಲು ಬಾಯಿ ಬರಲಿಲ್ಲ. ಹೊಲದ ಮಾತೆತ್ತಿದೆ. ಗೊಬ್ಬರ ಹೆಚ್ಚಾದ ಹೊಲದಲ್ಲಿ ಜೋಳ ಬರೀ ಎಲೆಯಾಗಿ ಬೆಳೆದು ತೆನೆ ಕಟ್ಟದು, ಕೆರೆಗೂ ಹಾಗೇ ಆಗಿದೆ, ನಾವು ಹಾಕಿದ್ದನ್ನೆಲ್ಲ ಪಾಚಿ ಉಂಡು ಬೆಳೆದಿದೆ, ಮೇಲಿನ ತಿಪ್ಪೆಗಳ ರಸವೂ ಅಲ್ಲಿಗೇ ಇಳಿಯುತ್ತಿದೆ ಎಂದೆ.

"ಮಾಸ್ತರ, ಹೊಲಾ ಬ್ಯಾರೆ, ಗಂಗವ್ವ ಬ್ಯಾರೆ. ಕುಂಡ್ರಿ" ಎಂದರು ಗೌಡರು. ಎಲ್ಲರೂ ತಲೆಯಾಡಿಸಿದರು. ನನ್ನ ಕಣ್ಣ ಮುಂದೆ ಶಾಂತಾಳ ಮುಖ ಬಂತು. ನಾಲಿಗೆ ತಾನಾಗಿ ಹೊರಳಿತು.

"ಗೌಡ್ರ, ನಿಮ್ಮನಿ ಕಡಬು ಹುಳಿ ಬಂದಿದ್ವು."

ಗೌಡರು ಎದ್ದು ನಿಂತು, "ಯಾವನಲೇ ರುಚಿ ನೋಡಿದಾಂವ?" ಎಂದು ಗುಡುಗಿದರು. ಗಂಗವ್ವನ ಅಡುಗೆ ಮುಟ್ಟಿದವನನ್ನು ಅವರು ಅಲ್ಲೇ ಊರು ಬಿಡಿಸುತ್ತಿದ್ದರೋ ಏನೋ. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಅವರ ಹೆಂಡತಿಯೇ, "ಖರೇನ ಐತ್ರಿ" ಎಂದರು. ಕೆಳಗಿನ ಓಣಿಗಿಂತ ಹೆಚ್ಚು ಮಾಡುವ ಭರದಲ್ಲಿ ಹೂರಣವನ್ನು ಹಿಂದಿನ ದಿನವೇ ರುಬ್ಬಿಟ್ಟಿದ್ದರಂತೆ. ಬೆಳಿಗ್ಗೆ ಹುಳಿ ವಾಸನೆ ಬಂದರೂ ರುಚಿ ನೋಡುವಂತಿಲ್ಲವಲ್ಲ, ಇದ್ದದ್ದನ್ನೇ ಕಡಬಿಗೆ ತುಂಬಿದರಂತೆ. "ಇದು ನನಗ ಬಿಟ್ಟು ಯಾರಿಗೂ ಗೊತ್ತಿದ್ದಿಲ್ಲ. ಮಾಸ್ತರಗ ಯಾರು ಹೇಳಿದ್ರು?"

ಆಗ ನಡೆದದ್ದನ್ನೆಲ್ಲ ಹೇಳಿದೆ. ಯಾರೂ ನಗಲಿಲ್ಲ. ಒಬ್ಬರಾದರೂ ನಗಲಿ, ನೀನು ಏನು ಉಂಡಿದ್ದಿ ಎಂದು ಕೇಳಲಿ ಎಂದು ಕಾದೆ. ಎಲ್ಲರೂ ಕೈಮುಗಿದು ಕೂತಿದ್ದರು.

ಗಂಗವ್ವನಿಗೆ ಉಪವಾಸ ಎಂದು ತೀರ್ಮಾನವಾಯಿತು. ಇನ್ನು ಮುಂದೆ ಕೆರೆಗೆ ಎಮ್ಮೆ ಇಳಿಸಬಾರದು, ಬಟ್ಟೆ ಒಗೆಯಬಾರದು ಎಂದಾಯಿತು. ತಿಪ್ಪೆಗಳನ್ನು ಕೆರೆಯ ಕೆಳಗಿನ ಮಗ್ಗುಲಿಗೆ ಸಾಗಿಸಿದರು. ಗಂಡಸರು ಹಳೆಯ ಧೋತರ ಹಿಡಿದು ನೀರಿಗಿಳಿದು, ಪಾಚಿ ಸೋಸಿ ಸೋಸಿ ಹೊಲಕ್ಕೆ ಹೇರಿದರು. ಮೈ ತುರಿಸಿಕೊಳ್ಳುತ್ತ ಎರಡೂ ಓಣಿಯವರು ಒಂದೇ ಧೋತರದ ಎರಡು ತುದಿ ಹಿಡಿದದ್ದನ್ನು ನಾನು ಕಂಡೆ. ಚಳಿ ಬಿದ್ದ ಮೇಲೆ ನೀರು ಮೆಲ್ಲಗೆ ತಿಳಿಯಾಗುತ್ತ ಬಂತು. ಮೊದಲ ಕೊಡ ಶಾಂತಾಳಿಗೆ ಬಂತು. ಅವಳು ಚೊಂಬು ಎತ್ತಿ ಗಟಗಟ ಕುಡಿದು, ವಾಂತಿಯಾಗದೆ, ಇನ್ನೊಂದು ಚೊಂಬು ಕೇಳಿದಾಗ ನಾನು ಹಿತ್ತಲಿಗೆ ಹೋಗಿ ಅತ್ತೆ. ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು, ಅದರ ಗಂಟಲು ಎರಡೂ ಓಣಿಗೆ ಕೇಳುವಂಥದು.

ನೀರು ತಿಳಿಯಾದದ್ದಕ್ಕೆ ಕಾರಣವನ್ನು ನಾನು ಶಾಲೆಯ ಹುಡುಗರಿಗೂ ಹೇಳಿಕೊಡಬಲ್ಲೆ. ಬಂದವಳು ಯಾರೋ ಜಲೋದರದ ರೋಗಿ, ಗೋಡೆ ಹಾರಿ ಬಂದಳು ಎಂದೂ ಒಪ್ಪಿಕೊಳ್ಳುತ್ತೇನೆ. ಆ ಹೊಟ್ಟೆ ಹೊತ್ತು ಗೋಡೆ ಹಾರಿದ್ದನ್ನೂ ಒಪ್ಪುತ್ತೇನೆ. ಗೌಡರ ಕಡಬಿನ ಹುಳಿ ವಾಸನೆ ಯಾರ ಮೂಗಿಗಾದರೂ ಬಡಿದಿರಬಹುದು. ಆದರೆ ನಮ್ಮ ಹೋಳಿಗೆ? ಅವತ್ತು ಅವ್ವನನ್ನು ಕೇಳಿದಾಗ ಅವಳ ಮುಖ ಬಿಳಿಚಿಕೊಂಡಿತು. "ಡಬ್ಬಿ ತಳಾ ಕೆರೆದು ಇದ್ದಷ್ಟು ಬೆಲ್ಲ ಹಾಕಿದ್ದೆ. ನಿಮ್ಮಪ್ಪಗೂ ಹೇಳಿದ್ದಿಲ್ಲ ನಾ" ಎಂದಳು. ಬಟ್ಟೆ ಕಟ್ಟಿದ ಬುಟ್ಟಿಯನ್ನು ಬಿಚ್ಚಿದ್ದು ನೀರಿನ ಮೇಲೆಯೇ. ಅದನ್ನು ತಿಂದದ್ದು ಮೀನುಗಳು ಮಾತ್ರ. ಅವನ್ನು ಕೇಳೋಣವೆಂದರೆ ಅವು ಸತ್ತಿದ್ದವು.

ದೇವರ ಮೇಲೆ ನನಗೆ ಇಂದಿಗೂ ನಂಬಿಕೆ ಬಂದಿಲ್ಲ. ಅಂದು ಬಂದವಳು ಯಾರೆಂದು ತಿಳಿದೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಉಣ್ಣಲು ಕೂತವರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ, ನಾನು ಇನ್ನೊಂದು ಹೋಳಿಗೆ ಬಡಿಸಗೊಡುವುದಿಲ್ಲ. ನಮ್ಮ ಕಡೆ ಇದನ್ನು ಜಿಪುಣತನ ಎನ್ನುತ್ತಾರೆ. ಅನ್ನಲಿ.