ಮಾಲೆ ಹಾಕಿಸಿಕೊಂಡ ಎಂಜಿನ್ನು

ಹಾನಗಲ್ ಸೀಮೆಯಲ್ಲಿ ವರದಾ ನದಿ ದಾಟಿಸುತ್ತಿದ್ದ ಅಂಬಿಗರ ಗಿರಿಯಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಹಾಯುದ್ಧ ಮುಗಿದ ಮರುವರ್ಷ ಅದರ ಜೊತೆಗೆ ಜಂಬವೂ ಸೇರಿಕೊಂಡಿತು. ಸವಣೂರಿನ ಮೇಸ್ತ್ರಿ ಶಹಾಬುದ್ದೀನ ಮಿಲಿಟರಿಯವರು ಹರಾಜು ಹಾಕಿದ ಎಂಜಿನ್ನೊಂದನ್ನು ತಂದು ಅವನ ದೋಣಿಯ ಹಿಂಬದಿಗೆ ತಗುಲಿಸಿದ್ದ. ಐದು ಕುದುರೆ ಬಲದ್ದು. ಇನ್ನು ಕೇಳಬೇಕೆ, ಗಿರಿಯಪ್ಪ ಹುಟ್ಟುಗಳನ್ನು ಮನೆಯ ಅಟ್ಟಕ್ಕೆ ಎಸೆದುಬಿಟ್ಟ.

ಶಹಾಬುದ್ದೀನ ಹೋಗುವಾಗ ಹೇಳಿದ್ದ: "ಗಿರಿಯಪ್ಪಣ್ಣ, ಗಾಣದ ಎತ್ತು ನೋಡೀಯಲ್ಲ? ಸಾವಕಾಶ ನಡೀತೈತಿ, ಆದ್ರ ಅಷ್ಟು ದೊಡ್ಡ ಗಾಣ ತಿರುವತೈತಿ. ಆ ತಿರುವೋ ಬಲ ಬ್ಯಾರೆ, ಕುದುರಿ ಬಲ ಬ್ಯಾರೆ. ಇದಕ್ಕ ತಿರುವೋ ಬಲ ಕಡಿಮಿ. ಜೋರ್ ಜೋರ್ ಸುತ್ತಿ ಸುತ್ತಿ ಐದು ಕುದುರಿ ಆಗತೈತಿ. ನೀರು ತಳ್ಳೋ ಈ ಪಂಖಾ ನೀರಾಗ ಆಳಕ್ಕ ಇರ್ಲಿ. ಭಾರ ಇದ್ದಾಗ ಅವಸರ ಮಾಡಬ್ಯಾಡ."

"ಐದು ಕುದುರಿ ಮುಂದ ನಿನ್ನ ಎತ್ತಿಂದೇನು," ಎಂದು ಗಿರಿಯಪ್ಪ ನಕ್ಕಿದ್ದ.

ಎಂಜಿನ್ನಿಗೆ ಕುಂಕುಮ ಹಚ್ಚಿದ, ಚೆಂಡುಹೂವಿನ ಮಾಲೆ ಹಾಕಿದ. ದಾಟುವವರೆಲ್ಲ ಕೈ ಮುಗಿದೇ ಹತ್ತಬೇಕು, ಅದರ ಕಡೆ ಯಾರೂ ಕಾಲು ಚಾಚಬಾರದು. ಒಂದು ದಿನ ಮುಂಜಾನೆ ಹೆಂಡತಿ ಭರಮವ್ವನ ಸೆರಗು ಅದಕ್ಕೆ ತಾಗಿದ್ದಕ್ಕೆ ನಾಲ್ಕು ಮಂದಿಯ ಮುಂದೆ ಬಾಯಿಗೆ ಬಂದಂತೆ ಬೈದ. ಅವಳು ಸೆರಗು ಬಿಗಿದುಕೊಂಡು ದೋಣಿಯ ಮುಂದಿನ ತುದಿಗೆ ಹೋಗಿ ಕುಳಿತಳು.

ಅಂದು ಸಂತೆಯ ದಿನ. ಮಂದಿ ಕಿಕ್ಕಿರಿದರು, ಭತ್ತದ ಚೀಲಗಳು ಬೇರೆ. ದೇವರಿಗೆ ಕಾಲು ತೋರಿಸುವ ಪಾಪ ಯಾರಿಗೆ ಬೇಕು? ಎಲ್ಲರೂ ಮುಂದಕ್ಕೆ, ದೋಣಿಯ ಮೂತಿಯ ಕಡೆಗೇ ಒತ್ತಿಕೊಂಡರು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು.

ನಡುಹೊಳೆಯ ಸೆಳವಿಗೆ ಬಂದೊಡನೆ ಎಂಜಿನ್ನು ಚೀರತೊಡಗಿತು. ಚೀರಿದಷ್ಟೂ ಎಳೆಯುತ್ತದೆ ಎಂದುಕೊಂಡು ಗಿರಿಯಪ್ಪ ಇನ್ನಷ್ಟು ಜೋರು ಮಾಡಿದ. ಹಿಂದೆ ಬರೀ ನೊರೆ ಎದ್ದಿತು. ದೋಣಿ ಮುಂದೆ ಹೋಗದೆ ಅಡ್ಡಡ್ಡ ಕೆಳಗೆ ಜಾರಿತು. ಕೆಳಗಡೆ ಒಡೆದುಹೋದ ಹಳೇ ಒಡ್ಡಿನ ಬಂಡೆಗಳು. ಅಲ್ಲಿ ನೀರು ಭೋರ್ಗರೆಯುವುದು ಕೇಳಿಸುತ್ತಿತ್ತು. ಅಭ್ಯಾಸಬಲದಿಂದ ಗಿರಿಯಪ್ಪನ ಕೈ ಹುಟ್ಟಿಗೆ ತಡಕಾಡಿತು. ಹುಟ್ಟು ಅಟ್ಟದ ಮೇಲಿತ್ತು.

ಹಿಂದಕ್ಕೆ ಬಗ್ಗಿ ನೋಡಿದ. ಮೂತಿಯ ಭಾರಕ್ಕೆ ಹಿಂಬದಿ ಎದ್ದು, ಪಂಖಾ ಅರ್ಧ ನೀರಲ್ಲಿ ಅರ್ಧ ಗಾಳಿಯಲ್ಲಿ ತಿರುಗುತ್ತಿತ್ತು. ಗಾಣದ ನೊಗ ಕಳಚಿದ ಮೇಲೆ ಎತ್ತು ಎಷ್ಟು ಓಡಿದರೇನು? ಹಿಡಿತವೇ ಇಲ್ಲದ ಮೇಲೆ ಕುದುರೆ ಐದಿದ್ದರೇನು, ಐವತ್ತಿದ್ದರೇನು?

"ಹಿಂದಕ್ಕ ಬರ್ರಿ. ಇಲ್ಲಿ ಭಾರ ಬೀಳಬೇಕು, ಬರ್ರಿ," ಎಂದು ಮಂದಿಗೆ ಕೂಗಿದ.

ಯಾರೂ ಅಲುಗಲಿಲ್ಲ. "ದೇವರಿಗೆ ಕಾಲು ಕೊಟ್ಟು ಕುಂಡರೋದೇನೋ? ಮದ್ಲ ಮುನಿಸ್ಕೊಂಡೈತಿ," ಎಂದು ಮುದುಕನೊಬ್ಬ ಕೈ ಮುಗಿದ. ಗಿರಿಯಪ್ಪ ಮಾಲೆ ಕಿತ್ತು ಹೊಳೆಗೆ ಎಸೆದ. "ದೇವರಲ್ಲ ಇದು, ಕಬ್ಬಿಣ ಐತಿ," ಎಂದ. ಮಂದಿ ಇನ್ನಷ್ಟು ಹೆದರಿ ಒಬ್ಬರಿಗೊಬ್ಬರು ಅಂಟಿಕೊಂಡರು. ತಾನೇ ಕಲಿಸಿದ ಭಕ್ತಿ, ಈಗ ಬಿಡಿಸಲು ಆಗುತ್ತಿಲ್ಲ. ಬಂಡೆಗಳು ಕಣ್ಣಿಗೆ ಬಿದ್ದವು.

ಭರಮವ್ವ ಎದ್ದಳು. ಮಂದಿಯ ಹೆಗಲು ಹಿಡಿದು ದಾಟಿ ಬಂದು, ಎಂಜಿನ್ನಿನ ಬುಡದಲ್ಲೇ ಕುಳಿತು ಎರಡೂ ಕಾಲು ಅದಕ್ಕೆ ಒತ್ತಿ ಇಟ್ಟಳು.

"ಮುಂಜಾನೆ ಸೆರಗು ತಾಗಿದ್ದಕ್ಕ ಬೈದ್ರಿ. ಈಗ ಕಾಲ ಇಟ್ಟೇನಿ, ನಡಸ್ರಿ."

ಅವಳಿಗೆ ಏನೂ ಆಗಲಿಲ್ಲ. ಅದನ್ನು ಕಂಡು ಒಬ್ಬ ಬಂದ, ಮತ್ತಿಬ್ಬರು ಚೀಲ ಎಳೆದುಕೊಂಡು ಬಂದರು. ಹಿಂಬದಿ ಕೆಳಗಿಳಿದು ಪಂಖಾ ಮುಳುಗಿತು. ಗಿರಿಯಪ್ಪ ವೇಗ ಇಳಿಸಿದ. ಚೀರಾಟ ನಿಂತು ನರಳಿಕೆ ಶುರುವಾಯಿತು. ಎಂಜಿನ್ನು ಸತ್ತೇ ಹೋಯಿತೇನೋ ಎಂದು ಕೈ ಮತ್ತೆ ಜೋರು ಮಾಡಲು ತುರಿಸುತ್ತಿತ್ತು. ಹಲ್ಲು ಕಚ್ಚಿ ಹಿಡಿದ. ದೋಣಿ ಒಮ್ಮೆ ನಡುಗಿ, ಗಾಣದ ಎತ್ತಿನಂತೆ ಸಾವಕಾಶ ಆಚೆ ದಡಕ್ಕೆ ಸರಿಯಿತು. ಬಂಡೆಗಳು ಒಂದು ಮಾರು ದೂರದಲ್ಲಿ ಉಳಿದವು.

ದಡದಲ್ಲಿ ಇಳಿದವರೆಲ್ಲ ಮತ್ತೆ ಎಂಜಿನ್ನಿಗೇ ಕೈ ಮುಗಿದರು. ಗಿರಿಯಪ್ಪ ಅತ್ತ ನೋಡಲಿಲ್ಲ. ಭರಮವ್ವನ ಅಂಗಾಲಿಗೆ ಎಣ್ಣೆಮಸಿ ಮೆತ್ತಿತ್ತು. ಅವನು ಕುಕ್ಕರಗಾಲಲ್ಲಿ ಕುಳಿತು, ಬೊಗಸೆಯಲ್ಲಿ ಹೊಳೆನೀರು ತಂದು ಅವಳ ಕಾಲು ತೊಳೆಯತೊಡಗಿದ.

"ಬಿಡ್ರಿ, ಮಂದಿ ನೋಡಾಕತ್ತಾರ," ಎಂದು ಅವಳು ಕಾಲೆಳೆದುಕೊಂಡಳು.

"ಬೈಯುವಾಗೂ ನೋಡ್ಯಾರ," ಎಂದ ಗಿರಿಯಪ್ಪ, ಕಾಲು ಬಿಡಲಿಲ್ಲ.