ಕೊನೆಯ ಪೆಟ್ಟಿಗೆ ಬರುವ ತನಕ

ಬೆಳಗಿನ ಐದೂವರೆ. ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತು ತರುವ ಮೂರನೇ ಬೆಲ್ಟ್ ಇನ್ನೂ ಅಲುಗಾಡಿಲ್ಲ. ಅದರ ಪಕ್ಕ, ಗೋಡೆಗೆ ಒರಗದೆ ನಿಂತಿರುವ ಹೆಂಗಸಿನ ಕೊರಳಲ್ಲಿ ಸ್ಟಾಪ್‌ವಾಚ್ ತೂಗುತ್ತಿದೆ. ವಿಮಾನ ಇಳಿಯಿತೆಂದು ಫಲಕದಲ್ಲಿ ಮೂಡಿದ್ದೇ ತಡ, ಮನಸ್ಸಿನಲ್ಲೇ ದೇವರನ್ನು ನೆನೆದು ಗುಂಡಿ ಒತ್ತುತ್ತಾರೆ. ನಿಲ್ದಾಣಕ್ಕೆಲ್ಲ ಇವರು ಗಡಿಯಾರದಕ್ಕ.

"ಅಕ್ಕಾ, ಇವತ್ತಾದ್ರೂ ಸ್ವಲ್ಪ ತಡೆದು ಒತ್ತಿ," ಸಾಮಾನು ಇಳಿಸುವ ಮೇಸ್ತ್ರಿ ಕಿಚಾಯಿಸುತ್ತಾನೆ.

"ನಿನ್ ಕೈ ಬೇಗ ಓಡಿದ್ರೆ ನನ್ ಕೈ ಯಾಕಪ್ಪ ತಡೀಬೇಕು?"

ಮೊದಲ ಪೆಟ್ಟಿಗೆ ಎಷ್ಟು ನಿಮಿಷಕ್ಕೆ ಬಂತು, ಕೊನೆಯದು ಎಷ್ಟಕ್ಕೆ? ದಿನಕ್ಕೆ ಹದಿನಾಲ್ಕು ವಿಮಾನಗಳ ಈ ಲೆಕ್ಕ ನಿಯಂತ್ರಣ ಕಚೇರಿಗೆ ಹೋಗುತ್ತದೆ. ಅಲ್ಲಿ ದೇಶದೇಶಗಳ ವಿಮಾನ ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ಯಾರ ಸೇವೆ ಮೇಲೆಂದು ತೂಗುತ್ತಾರೆ. ಅಕ್ಕ ಮೊದಲು ಗಿರಣಿಯಲ್ಲಿ ನೂಲಿನ ಉಂಡೆ ಎಣಿಸುತ್ತಿದ್ದವರು. ಗಿರಣಿ ಮುಚ್ಚಿತು, ಎಣಿಸುವ ಕಣ್ಣು ಉಳಿಯಿತು.

ಆ ಕಣ್ಣೇ ಕಳೆದ ವರ್ಷ ಅನ್ನಕ್ಕೆ ಕುತ್ತು ತಂದಿತ್ತು. ಒಂದು ಕಂಪನಿಯ ಮೊದಲ ಪೆಟ್ಟಿಗೆ ದಿನವೂ ಏಳೇ ನಿಮಿಷಕ್ಕೆ ಹಾಜರು. ಹಿಡಿಗೆ ಹಸಿರು ದಾರ ಕಟ್ಟಿದ ಅದೇ ಬೂದು ಪೆಟ್ಟಿಗೆ, ಸುತ್ತು ಹಾಕಿ ಒಳಗೆ ಮರಳುತ್ತಿತ್ತು. "ಇದನ್ನು ಯಾರೂ ಎತ್ತಿಕೊಳ್ಳಲಿಲ್ಲ" ಎಂದು ಅಕ್ಕ ಹನ್ನೊಂದು ದಿನ ಹಾಳೆಯಂಚಿನಲ್ಲಿ ಬರೆದರು. ಆಕೆಯದು ಸುಳ್ಳು ಲೆಕ್ಕ ಎಂದು ಕಂಪನಿ ದೂರಿತು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಎಂದಿತು ಕಚೇರಿ.

"ಕಂಡೋರ ಪೆಟ್ಟಿಗೆ ಉಸಾಬರಿ ನಿಂಗ್ಯಾಕಮ್ಮ ಬೇಕಿತ್ತು?" ಎಂದು ಅತ್ತೆ ಗೊಣಗಿದರು. ನಲವತ್ತು ದಿನ ಅಕ್ಕ ಮನೆಯಲ್ಲೇ ಕೂತರು. "ನಂಗೇ ಅನುಮಾನ ಬಂತು, ನಾನು ಕಂಡಿದ್ದು ನಿಜಾನಾ ಅಂತ. ಕಣ್ಣು ಕೊಟ್ಟೋನು ನೀನೇ, ನೀನೇ ನೋಡ್ಕೋ ಅಂತ ದೇವ್ರಿಗೆ ಒಪ್ಪಿಸ್ಬಿಟ್ಟೆ."

ನಲವತ್ತೊಂದನೇ ದಿನ, ಕೆಲಸಕ್ಕೆ ಮರಳಿ ಎಂದು ಕಚೇರಿಯಿಂದ ಫೋನು ಬಂತು. ಅಧಿಕಾರಿಗಳು ಆ ಪೆಟ್ಟಿಗೆ ಬಿಚ್ಚಿಸಿದ್ದರು. ಒಳಗೆ ಬರೀ ಹಳೆಯ ಪತ್ರಿಕೆಗಳು! ಮೊದಲ ಪೆಟ್ಟಿಗೆ ಬೇಗ ಬಂತೆಂದು ತೋರಿಸಲು ಕಂಪನಿಯೇ ದಿನವೂ ಬಿಡುತ್ತಿದ್ದ ಪೆಟ್ಟಿಗೆ ಅದು.

"ಅವತ್ತು ಮನೇಲಿ ಯಾರೂ ಕುಣೀಲಿಲ್ಲ. ಎಲ್ಲರೂ ಹಾಡಹಗಲೇ ಬಿದ್ಕೊಂಡು ನಿದ್ದೆ ಹೊಡೆದ್ವಿ," ಎನ್ನುತ್ತಾ ಅಕ್ಕ ಸೆರಗಿನಿಂದ ಸ್ಟಾಪ್‌ವಾಚಿನ ಗಾಜು ಒರೆಸುತ್ತಾರೆ. ಅತ್ತೆಯ ರಾಗವೂ ಬದಲಾಗಿದೆ: "ನನ್ ಸೊಸೆ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ. ಅಡುಗೆಗೆ ಹಾಕೋ ಉಪ್ಪು ಒಂದು ಬಿಟ್ಟು!"

ಈಗ ನಿಯಮವೇ ಬೇರೆ. ಒಡೆಯನ ಕೈ ಪೆಟ್ಟಿಗೆಗೆ ತಾಗಿದಾಗಲೇ ಲೆಕ್ಕ. ಏನಾದರೂ ಬೇಕೇ ಎಂದು ಕಚೇರಿ ಕೇಳಿದ್ದಕ್ಕೆ ಅಕ್ಕ ಕೇಳಿದ್ದು ಒಂದೇ ಒಂದು ಕುರ್ಚಿ. ಬಂದಿರುವ ಆ ಕುರ್ಚಿಯಲ್ಲಿ ಈಗ ಪೆಟ್ಟಿಗೆ ಇನ್ನೂ ಬಾರದ ಯಾರೋ ಅಜ್ಜಿ ಕೂತು, ಖಾಲಿ ಬೆಲ್ಟನ್ನೇ ನೋಡುತ್ತಿದ್ದಾರೆ.

"ಅದು ನಂಗಲ್ಲ, ಕೊನೇ ಪೆಟ್ಟಿಗೆಯವರಿಗೆ," ಎನ್ನುತ್ತಾರೆ ಅಕ್ಕ. "ಅವರು ಹೋಗೋವರೆಗೂ ನಾನು ಹೆಂಗೂ ನಿಂತೇ ಇರ್ತೀನಲ್ಲ."