ಗೊಣಗಿದವರ ಕೊರಳಿಗೆ ಸೀಟಿ

ಕಳೆದ ತಿಂಗಳು ಹೈದರಾಬಾದಿನ ಮಣಿಕೊಂಡದಲ್ಲಿ ನನ್ನ ತಂಗಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಬೆಳಿಗ್ಗೆ ಹೂವು ತರಲು ಕೆಳಗಿಳಿದ ನನಗೆ ಎಲ್ಲಿಂದಲೋ ಸೀಟಿಯ ಸದ್ದು ಕೇಳಿಸಿತು. ಪೊಲೀಸರದಲ್ಲ, ವಾಚ್‌ಮನ್‌ನದೂ ಅಲ್ಲ. ಗರಗರ ಎಂದು ಶುರುವಾಗಿ ಅರ್ಧಕ್ಕೇ ಬಿಕ್ಕುವ ಸದ್ದು. ಹೂವು ಮರೆತೇಹೋಯಿತು. ಸದ್ದಿನ ಬೆನ್ನು ಹತ್ತಿ ನಡೆದೆ... ಆ ಸೀಟಿಯನ್ನು ಒಮ್ಮೆ ನಾನೂ ಊದಿದ್ದೆ!

ಆಗ ನಾನು ಕಲಬುರಗಿಯಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬೆಳೆಯುತ್ತಿದ್ದ ಹೈದರಾಬಾದಿನಲ್ಲಿ ಜನ ತಮ್ಮ ಗಲ್ಲಿಯನ್ನು ತಾವೇ ಹೇಗೆ ನಡೆಸಿಕೊಳ್ಳುತ್ತಾರೆ, ಅಲ್ಲಿ ನಾಯಕರು ಹೇಗೆ ಹುಟ್ಟುತ್ತಾರೆ ಎಂದು ತೋರಿಸಲು ಮೇಡಂ ನಮ್ಮ ತರಗತಿಯನ್ನು ಕರೆದೊಯ್ದಿದ್ದರು. ರೈಲಿನುದ್ದಕ್ಕೂ ಹಾಡು, ಚುರುಮುರಿ, ಕಿಟಕಿ ಪಕ್ಕದ ಜಾಗಕ್ಕೆ ಜಗಳ. ನಾಯಕರನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೆ? ಜರಿ ಅಂಚಿನ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಕಟ್ಟಿಕೊಂಡಿದ್ದೆವು. ಸನ್ಮಾನ ಇಲ್ಲದಿದ್ದರೆ ನಮ್ಮವರಿಗೆ ಕಾರ್ಯಕ್ರಮ ಮಾಡಿದ ಹಾಗೇ ಅನ್ನಿಸುವುದಿಲ್ಲ.

ಹೋಗಿ ನೋಡಿದರೆ ವೇದಿಕೆಯೂ ಇಲ್ಲ, ನಾಯಕರೂ ಇಲ್ಲ. ಒಂದು ಮನೆಯ ಮೆಟ್ಟಿಲ ಮೇಲೆ ಬೀದರ್ ಕಡೆಯ ಹೆಂಗಸೊಬ್ಬರು ಕೂತಿದ್ದರು. ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ಇಡೀ ಗಲ್ಲಿ, ತೆಲುಗಿನವರು ಕೂಡ, ಅವರನ್ನು ಕಾಕು ಎನ್ನುತ್ತಿತ್ತು. ನಿಮ್ಮ ಲೀಡರ್ ಯಾರು ಎಂದು ಮೇಡಂ ಕೇಳಿದರು.

"ಈ ವಾರದವ್ರು ಊರಿಗಿ ಹೋಗ್ಯಾರ್ರಿ," ಅಂದರು ಕಾಕು. ಶಾಲಿನ ಅಂಚು ಮುಟ್ಟಿ ನೋಡಿ, "ಶಾಲು ಭಾಳ ಚಲೋ ಐತಿ. ಇಂಥಾ ಬಿಸಿಲಾಗ ಯಾರಿಗಿ ಹೊದಿಸ್ತೀರಿ?" ಎಂದು ನಕ್ಕರು.

ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. ಬೇಸಿಗೆ, ಆ ಗಲ್ಲಿಗೆ ಅದೇ ಗಂಗೆ. ಬಕೆಟ್ಟು, ಕೊಡ, ಪೈಪು ಹಿಡಿದು ಜನವೋ ಜನ. ನಾನು ಮೊದಲೇ ಬಾಯಿಬಡುಕಿ. ಸುಮ್ಮನಿರಲಾಗದೆ ಒದರಿದೆ: "ಏನ್ ಗದ್ದಲರೀ ಇದು! ಒಂದ್ ಪಾಳಿ ಇಲ್ಲ, ಪದ್ಧತಿ ಇಲ್ಲ. ಯಾರರ ನೋಡಬಾರದೇನು?"

ಕಾಕುವಿನ ಮುಖ ಅರಳಿತು. ಮಡಿಲಿನಿಂದ ಹಳೆಯ ಸೀಟಿಯೊಂದನ್ನು ತೆಗೆದು ನನ್ನ ಕೊರಳಿಗೆ ಹಾಕಿಯೇಬಿಟ್ಟರು. "ಇಲ್ಲಿ ರಿವಾಜು ಇದೇ, ತಂಗಿ. ಯಾರು ಗೊಣಗ್ತಾರೋ ಅವರ ಕೊಳ್ಳಾಗ ಸೀಟಿ. ಇವತ್ತಿನ ನೀರು ನಿಂದು."

ಗಲ್ಲಿಯೆಲ್ಲ ಚಪ್ಪಾಳೆ. ತುದಿಯ ಮನೆಗೆ ಅಂದೇ ಬಾಣಂತಿಯೊಬ್ಬಳು ಆಸ್ಪತ್ರೆಯಿಂದ ಕೂಸಿನ ಜೊತೆ ಬಂದಿದ್ದಳು. ಆ ಮನೆಯಲ್ಲಿ ಹನಿ ನೀರಿಲ್ಲ. ಟ್ಯಾಂಕರ್ ಅಲ್ಲಿಗೆ ಹೋಗುವಂತಿಲ್ಲ, ಹೊಸ ಕಟ್ಟಡಕ್ಕೆಂದು ಸುರಿದ ಮರಳು ದಾರಿಗೆ ಅಡ್ಡ ಬಿದ್ದಿತ್ತು. ಪೈಪು ಎಟುಕುವುದಿಲ್ಲ. ಮರಳಿನವರನ್ನು ಕೇಳಿದರೆ ಮಾಲೀಕರು ಊರಲ್ಲಿಲ್ಲ ಎಂದರು. ಡ್ರೈವರ್ ಬೇರೆ, "ಜಲ್ದಿ ಬೋಲೋ ಅಮ್ಮಾ, ನಹೀ ತೋ ಮೈ ಜಾರೂಂ" ಎಂದು ಹೊರಟೇಬಿಡುವವನಂತೆ ಇಂಜಿನ್ ಗುರುಗುಟ್ಟಿಸುತ್ತಿದ್ದ.

ತಿರುಗಿ ಕಾಕುವಿನತ್ತ ನೋಡಿದೆ. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಗಟ್ಟಿಯಾಗಿ ಕೂತುಬಿಟ್ಟಿದ್ದರು.

"ನನ್ನ ಮಾರಿ ಏನ್ ನೋಡ್ತಿ? ಗಲ್ಲಿ ಮಾರಿ ನೋಡು!"

ನೋಡಿದೆ. ಎಲ್ಲರ ಕೈಯಲ್ಲೂ ಖಾಲಿ ಬಕೆಟ್ಟು! ಉಸಿರು ತುಂಬಿಕೊಂಡು ಸೀಟಿ ಊದಿದೆ. ಪಕ್ಕದಲ್ಲಿದ್ದವರ ಬಕೆಟ್ ಕಸಿದುಕೊಂಡು ಕೈಯಾರೆ ಮರಳು ತುಂಬಿದೆ. ಜನ ಮೊದಲು ನಕ್ಕರು. ಆಮೇಲೆ ಒಬ್ಬಾಕೆ ಕೊಡ ತಂದಳು, ಇನ್ನೊಬ್ಬಾಕೆ ಬುಟ್ಟಿ... ತೆಲುಗು, ಉರ್ದು, ಕನ್ನಡ ಎಲ್ಲ ಕಲಸಿಹೋಯಿತು. ನಮ್ಮ ಹುಡುಗಿಯರು ಸನ್ಮಾನದ ಶಾಲನ್ನೇ ಹಾಸಿ, ಮರಳು ಹೇರಿ, ನಾಲ್ಕು ಮೂಲೆ ಹಿಡಿದು ಹೊತ್ತರು. ಮೇಡಂ ಸೀರೆ ಎತ್ತಿಕಟ್ಟಿ ಹಣ್ಣಿನ ಬುಟ್ಟಿ ಖಾಲಿ ಮಾಡಿ ಅದಕ್ಕೂ ಮರಳು ತುಂಬಿದರು. ಟ್ಯಾಂಕರ್ ಮರಳನ್ನು ಸವರಿಕೊಂಡು ಮುಂದೆ ಹೋಗಿ, ಬಾಣಂತಿಯ ಮನೆಯ ತೊಟ್ಟಿಗೆ ನೀರು ದಬದಬ ಬಿದ್ದಾಗ ನಾನು ಕುಣಿದದ್ದು ಈಗಲೂ ನಮ್ಮ ಗೆಳತಿಯರಿಗೆ ನಗೆಪಾಟಲು. ಅಂಥ ಖುಷಿ ಮತ್ತೆ ಯಾವ ಪದವಿಯಲ್ಲೂ ನನಗೆ ಸಿಗಲಿಲ್ಲ.

ಕಾಕು ಆಗ ಎದ್ದರು. ಮರಗಟ್ಟಿದ್ದ ಕೈಗಳನ್ನು ಝಾಡಿಸುತ್ತ, "ಎದ್ದು ಓಡೂದು ಸುಲಭ. ಸುಮ್ನ ಕೂಡೂದು ಭಾಳ ತ್ರಾಸ, ತಂಗಿ," ಅಂದರು. ಹೊರಡುವಾಗ ಗಂಧದ ಹಾರವನ್ನು ಟ್ಯಾಂಕರಿನ ಮೂತಿಗೆ ಹಾಕಿಸಿದರು.

ಮತ್ತೆ ಹೋಗಬೇಕು, ಕಾಕುವನ್ನು ನೋಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು... ನೌಕರಿ, ಮದುವೆ, ಮಕ್ಕಳು.

ಈಗ ಸದ್ದು ಹುಡುಕಿ ಹೋದರೆ ಅದೇ ಗಲ್ಲಿ. ಎರಡೂ ಬದಿಗೆ ಎತ್ತರದ ಕಟ್ಟಡಗಳು. ಕೊರಳಲ್ಲಿ ಆಫೀಸಿನ ಕಾರ್ಡನ್ನೂ ಅದೇ ಹಳೆಯ ಸೀಟಿಯನ್ನೂ ತೂಗಿಸಿಕೊಂಡ ಹುಡುಗಿಯೊಬ್ಬಳು ಕಸದ ಗಾಡಿಯನ್ನು ಮನೆ ಮನೆಯ ಮುಂದೆ ನಿಲ್ಲಿಸುತ್ತಿದ್ದಳು. ಕಾಕು ಎಲ್ಲಿ ಎಂದೆ. "ಕೌನ್ ಕಾಕು?" ಎಂದಳು. ಕಸ ಹಾಕಲು ಬಂದ ಮುದುಕಿಯೊಬ್ಬರು ಮಾತ್ರ ನನ್ನ ಕೈ ಹಿಡಿದು, ಆಯಮ್ಮ ತೀರಿಹೋಗಿ ಬಹಳ ದಿನವಾಯಿತು ಎಂದರು. ಮೆಟ್ಟಿಲಿದ್ದ ಜಾಗದಲ್ಲಿ ಸ್ಕೂಟರುಗಳು ನಿಂತಿದ್ದವು.

ಸಂಕಟವಾದರೆ ನನಗೆ ಬಾಯಿ ಬರುತ್ತದೆ. ಒಂದು ಫೋಟೋ ಇಲ್ಲ, ಒಂದು ಹೆಸರಿಲ್ಲ, ಇಷ್ಟು ದೊಡ್ಡ ಗಲ್ಲಿಯಲ್ಲಿ ಅವರನ್ನು ನೆನೆಯುವವರು ಯಾರೂ ಇಲ್ಲವೇ ಎಂದು ನಡುಬೀದಿಯಲ್ಲೇ ನನಗೆ ಬಂದ ಹಿಂದಿಯಲ್ಲಿ ಕೂಗಾಡಿದೆ.

ಹುಡುಗಿ ಪೂರ್ತಿ ಕೇಳಿಸಿಕೊಂಡಳು. ನಗುತ್ತ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದಳು.

"ಯಹಾಂ ಕಾ ರೂಲ್ ಹೈ, ಆಂಟಿ."

ಆ ರೂಲು ಯಾರು ಮಾಡಿದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಸ್ಕೂಟರುಗಳ ಕಡೆ ಒಮ್ಮೆ ನೋಡಿದೆ. ಕಣ್ಣು ಮಂಜಾಗಿತ್ತು, ಕಸದ ಗಾಡಿ ಕಾಯುತ್ತಿತ್ತು. ಉಸಿರು ತುಂಬಿಕೊಂಡು ಊದಿದೆ.